ಕಿಂಡಿಯ ಮುಂದೆ ಮನೆಯ ಲೆಕ್ಕ

ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ಮದ್ರಾಸಿಗೆ ಹೋಗಿ, ಜೆಮಿನಿ ಫ್ಲೈಓವರ್ ಬಳಿಯ ಅಮೆರಿಕನ್ ಕಾನ್ಸುಲೇಟಿನ ಮುಂದೆ ಸಾಲು ನಿಂತ ವಿದ್ಯಾರ್ಥಿಗಳ ತಲೆಮಾರುಗಳೇ ಕರ್ನಾಟಕದಲ್ಲಿವೆ. ಓದು ಬೇರೆ, ಊರು ಬೇರೆ, ಮನೆತನ ಬೇರೆ. ಬಗಲಲ್ಲಿದ್ದ ಫೈಲು ಮಾತ್ರ ಎಲ್ಲರದೂ ಒಂದೇ ಬಗೆಯದು. ಮೇಲೆ ವಿಶ್ವವಿದ್ಯಾಲಯ ಕೊಟ್ಟ ಐ-20 ಎಂಬ ಪ್ರವೇಶದ ಕಾಗದ, ಅದರ ಕೆಳಗೆ ಅಂಕಪಟ್ಟಿಗಳು, ಉಳಿದದ್ದೆಲ್ಲ ದುಡ್ಡಿನ ಕಾಗದ. ಬ್ಯಾಂಕಿನ ಬ್ಯಾಲೆನ್ಸ್ ಸರ್ಟಿಫಿಕೇಟು, ಎಫ್‌ಡಿ ರಸೀದಿಗಳ ಜೆರಾಕ್ಸು, ಛಾಪಾ ಕಾಗದದ ಮೇಲೆ ಅಪ್ಪನೋ ಚಿಕ್ಕಪ್ಪನೋ ಮಾಡಿಕೊಟ್ಟ ಅಫಿಡವಿಟ್ಟು, ನೋಟರಿಯ ಮೊಹರು, ಸೈಟು ಮನೆ ತೋಟಗಳಿಗೆ ಸಿ.ಎ. ಹಾಕಿಕೊಟ್ಟ ಬೆಲೆ. ವೀಸಾ ಕಿಂಡಿಯ ಮುಂದಿನ ಮಾತು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. ಎಷ್ಟೋ ಸಲ ಆ ಫೈಲನ್ನು ಅಧಿಕಾರಿ ಕೈಗೆ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಆ ಕಾಲವನ್ನು ನೆನೆಯುವಾಗ ನನ್ನನ್ನು ಕಾಡುವುದು ಆ ಫೈಲೇ. ಅದನ್ನು ದಪ್ಪ ಮಾಡಲು ಮನೆಗಳು ಪಟ್ಟ ಪಾಡೆಷ್ಟು, ಅದರಿಂದ ಸಿಕ್ಕ ನಂಬಿಕೆ ಎಷ್ಟು? ಮೊತ್ತ ದೊಡ್ಡದಾದಷ್ಟೂ ಸಾಕ್ಷಿ ಗಟ್ಟಿ ಎಂದು ನಮ್ಮ ಜನ ತಿಳಿದರು. ಕಾನೂನು ಮಾತ್ರ ಹಣದ ಮೂಲವನ್ನು ಕೇಳುತ್ತ ಬಂದಿದೆ. ಈ ಅಂತರದಲ್ಲಿ ಸಿಕ್ಕಿಬಿದ್ದು, ನಿಜವಾಗಿ ಅನುಕೂಲವಿದ್ದ ಮನೆಯ ಮಕ್ಕಳೂ ಬರಿಗೈಯಲ್ಲಿ ವಾಪಸು ಬಂದಿದ್ದಾರೆ ಎಂಬುದು ನನ್ನ ವಾದ.

ಫೈಲು ಹಿಂದೆ ಇಷ್ಟು ದಪ್ಪ ಇರಲಿಲ್ಲ. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಬರೋಡಾ ಸಂಸ್ಥಾನ ಮೂರು ವರ್ಷ ತಿಂಗಳಿಗೆ 11.50 ಪೌಂಡಿನಂತೆ ವಿದ್ಯಾರ್ಥಿವೇತನ ಕೊಟ್ಟಿತ್ತು. ಕೊಡುವ ಕೈ ಒಂದೇ, ಒಪ್ಪಂದದ ಕಾಗದವೂ ಒಂದೇ. 1960, 70ರ ದಶಕದಲ್ಲಿ ಹೋದವರು ವಿದೇಶಿ ವಿನಿಮಯದ ಬಿಗಿಯಲ್ಲಿ 8 ಡಾಲರ್ ಜೇಬಿನಲ್ಲಿಟ್ಟುಕೊಂಡು ವಿಮಾನ ಇಳಿದ ಕಥೆಯನ್ನು ಇಂದಿಗೂ ಹೇಳುತ್ತಾರೆ. ಅವರಲ್ಲಿ ಬಹಳ ಮಂದಿಗೆ ಅಲ್ಲಿನ ವಿಶ್ವವಿದ್ಯಾಲಯವೇ ಅಸಿಸ್ಟೆಂಟ್‌ಶಿಪ್ ಕೊಟ್ಟಿತ್ತು. ಹಣ ಕೊಡುವವರೂ ಅದನ್ನು ಕಾಗದದ ಮೇಲೆ ಬರೆದು ಹೇಳುವವರೂ ಒಬ್ಬರೇ ಆಗಿದ್ದರಿಂದ ಮನೆಯ ಆಸ್ತಿಪಾಸ್ತಿಯ ಮಾತು ಅಷ್ಟಾಗಿ ಏಳುತ್ತಿರಲಿಲ್ಲ. 1991ರ ಆರ್ಥಿಕ ಉದಾರೀಕರಣದ ನಂತರ ಎಲ್ಲ ಬದಲಾಯಿತು. ವಿದೇಶಿ ವಿನಿಮಯವನ್ನು ಬಿಗಿಹಿಡಿದಿದ್ದ 1973ರ ಫೆರಾ ಕಾಯ್ದೆಯ ಜಾಗಕ್ಕೆ 1999ರಲ್ಲಿ ಫೆಮಾ ಬಂತು. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಶಿಕ್ಷಣ ಸಾಲದ ಮಾದರಿ ಯೋಜನೆ ತಂದಿತು. 2004ರಲ್ಲಿ ರಿಸರ್ವ್ ಬ್ಯಾಂಕು ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಲು ಬಿಟ್ಟಿತು. ಆ ಮಿತಿ ಈಗ 2,50,000 ಡಾಲರಿಗೆ ಏರಿದೆ. ಸ್ವಂತ ಖರ್ಚಿನಲ್ಲಿ ಎಂ.ಎಸ್. ಮಾಡುವುದು ಮಧ್ಯಮ ವರ್ಗದ ರೂಢಿಯಾಯಿತು. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602; ಚೀನಾವನ್ನೂ ಹಿಂದಿಕ್ಕಿದ ಸಂಖ್ಯೆ. ಹಣ ಕಳಿಸುವ ದಾರಿ ತೆರೆದಂತೆಲ್ಲ, ಆ ಹಣ ಇದೆ ಎಂದು ತೋರಿಸುವ ಹೊಣೆ ವಿಶ್ವವಿದ್ಯಾಲಯದ ಹೆಗಲಿನಿಂದ ಮನೆಯ ಹೆಗಲಿಗೆ ಇಳಿಯಿತು. ಮನೆಗಳು ಅದಕ್ಕೆ ತಯಾರಿರಲಿಲ್ಲ.

ಕಾನೂನು ನಿಜವಾಗಿ ಕೇಳುವುದೇನು? 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಕಲಮು ವಿದ್ಯಾರ್ಥಿ ವೀಸಾ ಕೇಳುವವರನ್ನು ಅಲ್ಲೇ ನೆಲೆಸಲು ಹೊರಟವರೆಂದೇ ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ಮನವರಿಕೆ ಮಾಡಿಕೊಡುವ ಭಾರ ಅರ್ಜಿದಾರರದು. ಇದು ಎಲ್ಲರಿಗೂ ಗೊತ್ತು. ನಿರಾಕರಣೆಯ ಚೀಟಿಯಲ್ಲಿ ಅಚ್ಚಾಗಿರುವುದೂ ಹೆಚ್ಚಾಗಿ ಈ ಸಂಖ್ಯೆಯೇ. ಹಣದ ವಿಷಯಕ್ಕೆ ಬಂದಾಗ, ಕಾನ್ಸುಲರ್ ಅಧಿಕಾರಿಗಳು ಅನುಸರಿಸುವ ಅಲ್ಲಿನ ವಿದೇಶಾಂಗ ಇಲಾಖೆಯ ಕೈಪಿಡಿ ಹೇಳುವ ಮಾತು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಓದಿನ ಎಲ್ಲ ವರ್ಷಗಳ ಹಣ ನಗದಾಗಿ ಕೈಯಲ್ಲಿರಬೇಕೆಂದು ಅದು ಹೇಳುವುದಿಲ್ಲ. ಮೊದಲ ವರ್ಷದ ಖರ್ಚಿಗೆ ಬೇಕಾದ್ದು ತಕ್ಷಣ ಸಿಗುವಂತಿರಬೇಕು, ಅದಕ್ಕೆ ನಂಬತಕ್ಕ ದಾಖಲೆ ಇರಬೇಕು. ಮುಂದಿನ ವರ್ಷಗಳಿಗೆ ಅದೇ ಮೂಲದಿಂದಲೋ, ಇಂಥದ್ದೆಂದು ಗುರುತಿಸಿ ಹೇಳಬಹುದಾದ ಬೇರೆ ಮೂಲದಿಂದಲೋ ಹಣ ಬರುತ್ತದೆಂದು ಅಧಿಕಾರಿಗೆ ಅನಿಸಬೇಕು. ಅನುಮತಿಯಿಲ್ಲದ ಕೆಲಸಕ್ಕೆ ಇಳಿಯದೆ ಓದು ಮುಗಿಸಲು ಸಾಧ್ಯವೇ ಎಂಬುದೇ ಅಳತೆ. ಐ-20ರ ಮೊದಲ ಪುಟವನ್ನೇ ನೋಡಿ. ಒಂದು ಪಕ್ಕದಲ್ಲಿ ಖರ್ಚು: ಟ್ಯೂಷನ್, ಊಟ ವಸತಿ, ಇತರೆ. ಇನ್ನೊಂದು ಪಕ್ಕದಲ್ಲಿ ಆ ಖರ್ಚನ್ನು ತುಂಬುವವರು: ಸ್ವಂತದ್ದೆಷ್ಟು, ವಿಶ್ವವಿದ್ಯಾಲಯದ್ದೆಷ್ಟು, ಬೇರೆಯವರದೆಷ್ಟು, ಕ್ಯಾಂಪಸ್ಸಿನ ಕೆಲಸದ್ದೆಷ್ಟು. ಖರ್ಚಿನ ಒಂದೊಂದು ಡಾಲರಿಗೂ ಎದುರುಗಡೆ ಅದರ ಮೂಲ ಬರೆಯಲು ಜಾಗ ಬಿಟ್ಟ ಕಾಗದ ಅದು. ಮನೆಯ ಒಟ್ಟು ಆಸ್ತಿಯ ಬೆಲೆ ಬರೆಯಲು ಅದರಲ್ಲಿ ಜಾಗವೇ ಇಲ್ಲ.

ಈಗ ನಮ್ಮ ಮನೆಗಳ ಹಣದ ಕಡೆ ನೋಡಬೇಕು. ಪುತ್ತೂರು, ತೀರ್ಥಹಳ್ಳಿ, ಶಿರಸಿ ಕಡೆಯ ಅಡಿಕೆ ಬೆಳೆಗಾರರ ಮನೆಯನ್ನೇ ತೆಗೆದುಕೊಳ್ಳಿ. ಕೇಂದ್ರದ ಆದಾಯ ತೆರಿಗೆ ಕಾಯ್ದೆಯಲ್ಲಿ ಕೃಷಿ ಆದಾಯಕ್ಕೆ ವಿನಾಯಿತಿ ಇರುವುದರಿಂದ ಎಷ್ಟೋ ಮನೆಗಳು ರಿಟರ್ನ್ಸ್ ಸಲ್ಲಿಸಿದ್ದೇ ಇಲ್ಲ. ಪಹಣಿ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ, ಇಲ್ಲವೇ ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿರುತ್ತದೆ. ಉಳಿತಾಯದ ಒಂದು ಪಾಲು ಒಡವೆಯಲ್ಲಿ, ಒಂದು ಪಾಲು ಚೀಟಿಯಲ್ಲಿ, ಮತ್ತೊಂದು ಪಾಲು ಯಾರಿಗೋ ಕೊಟ್ಟ ಕೈಗಡದಲ್ಲಿ ಇರುತ್ತದೆ. ‘ನೀನು ಹೋಗು, ದುಡ್ಡಿನ ಚಿಂತೆ ನಿನಗೆ ಬೇಡ’ ಎಂದು ಸೋದರಮಾವ ಹೇಳಿದರೆ ಅದು ಬ್ಯಾಂಕಿನ ಪತ್ರಕ್ಕಿಂತ ಗಟ್ಟಿ ಎಂದು ಮನೆಯವರಿಗೆ ಗೊತ್ತು, ಗಾಜಿನ ಆಚೆ ಕೂತವರಿಗೆ ಗೊತ್ತಿಲ್ಲ. ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ: ಕಾಲೇಜಿನ ಫೀಸು ರಿಯಾಯಿತಿಗೆಂದು ತಹಶೀಲ್ದಾರರ ಕಚೇರಿಯಿಂದ ತಂದ ಕಡಿಮೆ ಆದಾಯದ ಪ್ರಮಾಣಪತ್ರ ಅದೇ ಮನೆಯ ಕಪಾಟಿನಲ್ಲಿರುತ್ತದೆ. ಒಂದು ಕಾಗದ ಮನೆ ಬಡದ್ದು ಎನ್ನುತ್ತದೆ, ಸಿ.ಎ. ವರದಿ ಕೋಟಿಯ ಮಾತಾಡುತ್ತದೆ. ಎರಡರಲ್ಲಿ ಯಾವುದನ್ನು ನಂಬುವುದು ಎಂದು ಯಾರೇ ಕೇಳಿದರೂ ತಪ್ಪು ಹುಡುಕುವಂತಿಲ್ಲ.

ಇಷ್ಟಾದರೂ ಆ ಮನೆಯಲ್ಲಿ ಒಳ್ಳೆಯ ಸಾಕ್ಷಿ ಇಲ್ಲವೆಂದಲ್ಲ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆಗೆ ಅಡಿಕೆ ಹಾಕಿದ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ತಾರೀಖು, ತೂಕ, ದರ, ಕೈಗೆ ಬಂದ ಮೊತ್ತ, ಎಲ್ಲ ಅದರಲ್ಲಿದೆ. ಅದೇ ಮೊತ್ತ ಅದೇ ವಾರದಲ್ಲಿ ಪಾಸ್‌ಬುಕ್ಕಿನಲ್ಲೂ ಕಾಣುತ್ತದೆ. ಇಂಥ ಬಿಲ್ಲುಗಳು ಐದಾರು ವರ್ಷದ್ದು ಒಟ್ಟಿಗಿದ್ದರೆ ಮಳೆ ಕೈಕೊಟ್ಟ ವರ್ಷ, ಕೊಳೆರೋಗ ಬಂದ ವರ್ಷ, ದರ ಏರಿದ ವರ್ಷ ಎಲ್ಲವೂ ಗೋಚರಿಸುತ್ತವೆ. ಏರಿಳಿತ ಇರುವುದರಿಂದಲೇ ಅದು ನಂಬುವಂತಿರುತ್ತದೆ. ಹಾಲಿನ ಡೇರಿಯ ಪಾಸ್‌ಬುಕ್ಕು, ರೇಷ್ಮೆ ಗೂಡಿನ ಮಾರುಕಟ್ಟೆಯ ಚೀಟಿ, ಕಾಫಿ ಮಾರಿದ ಲೆಕ್ಕ, ಇವೂ ಅಂಥವೇ. ಆದರೆ ಫೈಲು ಕಟ್ಟುವಾಗ ಇವನ್ನು ಚಿಲ್ಲರೆ ಕಾಗದ ಎಂದು ಪಕ್ಕಕ್ಕಿಟ್ಟು, ತೋಟದ ಮಾರುಕಟ್ಟೆ ಬೆಲೆಯ ವರದಿಯನ್ನು ಮುಂದಕ್ಕಿಟ್ಟೆವು. ತೋಟದ ಬೆಲೆ ಎಷ್ಟೇ ಇರಲಿ, ಆಗಸ್ಟಿನಲ್ಲಿ ಕಟ್ಟಬೇಕಾದ ಸೆಮಿಸ್ಟರ್ ಫೀಸು ಅದರಿಂದ ಹುಟ್ಟುವುದಿಲ್ಲ, ಅದರ ಫಸಲಿನಿಂದ ಹುಟ್ಟುತ್ತದೆ.

ಈ ಚಿಲ್ಲರೆ ಕಾಗದವನ್ನು ನಂಬದ ಮನೆಗಳು ಬ್ಯಾಲೆನ್ಸ್ ಕಟ್ಟಲು ಹೊರಟವು. ಸಂದರ್ಶನಕ್ಕೆ ಎರಡು ಮೂರು ತಿಂಗಳಿರುವಾಗ ನಂಟರಿಷ್ಟರಿಂದ ಹಣ ಒಟ್ಟುಮಾಡಿ ಅಪ್ಪನ ಖಾತೆಗೆ ಹಾಕಿಸುವುದು, ವೀಸಾ ಆದ ಮೇಲೆ ವಾಪಸು ಕೊಡುವುದು. ನಂಟರಿಲ್ಲದವರಿಗೆ ಕಮಿಷನ್ ಪಡೆದು ಹಣ ಹೊಂದಿಸಿಕೊಡುವ ಮಧ್ಯವರ್ತಿಗಳೂ ಹುಟ್ಟಿಕೊಂಡರು. ಸಾಲ ತಂದ ಹಣವನ್ನು ಸ್ವಂತದ್ದೆಂದು ತೋರಿಸುವುದು ಸುಳ್ಳು. ಅದನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಬೇಸರದ ಸಂಗತಿಯೆಂದರೆ ಈ ಸುಳ್ಳಿಗೆ ಇಳಿದ ಎಷ್ಟೋ ಮನೆಗಳಿಗೆ ಅದರ ಅಗತ್ಯವೇ ಇರಲಿಲ್ಲ. ತಿಂಗಳಿಗೆ ಐವತ್ತು ಅರವತ್ತು ಸಾವಿರ ಓಡಾಡುತ್ತಿದ್ದ ಖಾತೆಗೆ ಒಂದೇ ವಾರದಲ್ಲಿ ಮೂವತ್ತು ಲಕ್ಷ ಬಂದು ಕೂತರೆ, ಅದುವರೆಗಿನ ನಿಜವಾದ ಐವತ್ತು ಅರವತ್ತು ಸಾವಿರದ ಮೇಲೂ ಅನುಮಾನ ಬೀಳುತ್ತದೆ. ಒಮ್ಮೆ ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ, ಅದೇ 1952ರ ಕಾಯ್ದೆಯಡಿ ಅಮೆರಿಕದ ಬಾಗಿಲು ಜೀವಮಾನಪೂರ್ತಿ ಮುಚ್ಚುವ ಅಪಾಯವೂ ಇದೆ. ಇಪ್ಪತ್ತೆರಡು ವರ್ಷದ ಮಗುವಿನ ಹೆಸರಿಗೆ ಅಂಥ ಕಳಂಕವನ್ನು ಹಿರಿಯರೇ ತಂದಿಡುವುದು ನನಗೆ ಸಹಿಸಲಾಗದ ಸಂಗತಿ.

ಇಲ್ಲಿ ವ್ಯವಸ್ಥೆಯ ಒಳಗೇ ಇರುವ ವಿರೋಧವನ್ನೂ ಹೇಳಬೇಕು, ಇಲ್ಲದಿದ್ದರೆ ದೋಷವನ್ನೆಲ್ಲ ಮನೆಗಳ ಮೇಲೆ ಹೊರಿಸಿದಂತಾಗುತ್ತದೆ. ಒಂದು ಸೈಟಿನ ಕಾಗದವನ್ನು ವಿದ್ಯಾರ್ಥಿ ಎರಡು ಕೆಲಸಕ್ಕೆ ಬಳಸಬೇಕಾಗಿದೆ. ಊರಿಗೆ ಮರಳಿ ಬರಲು ಕಾರಣವಿದೆ ಎಂದು ತೋರಿಸಲು ಅದು ಬೇಕು. ಬೇಕಾದರೆ ಅದನ್ನು ಮಾರಿ ಫೀಸು ಕಟ್ಟುತ್ತೇವೆ ಎನ್ನಲೂ ಅದೇ ಬೇಕು. ಮಾರಿದರೆ ಮರಳುವ ಕಾರಣ ಹೋಯಿತು, ಮಾರದಿದ್ದರೆ ಫೀಸಿನ ಹಣ ಹೋಯಿತು. ಶಿಕ್ಷಣ ಸಾಲದ್ದು ಇನ್ನೂ ಗಂಭೀರ. 40 ಲಕ್ಷ ರೂಪಾಯಿ ಸಾಲವನ್ನು ಶೇ. 10.5 ಬಡ್ಡಿಯಲ್ಲಿ 10 ವರ್ಷಕ್ಕೆ ತೀರಿಸಬೇಕೆಂದರೆ, ಓದುವ ಅವಧಿಯ ಬಡ್ಡಿಯನ್ನು ಬಿಟ್ಟರೂ, ತಿಂಗಳ ಕಂತು ಸುಮಾರು 54 ಸಾವಿರ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಎಷ್ಟೋ ಎಂಜಿನಿಯರುಗಳ ಸಂಬಳ ಈ ಕಂತಿಗೇ ಸರಿಹೋಗುತ್ತದೆ. ಡಾಲರ್ ಸಂಬಳ ಬರುತ್ತದೆಂಬ ಲೆಕ್ಕದ ಮೇಲೆ ಬ್ಯಾಂಕು ಸಾಲ ಕೊಡುತ್ತದೆ, ವಿದ್ಯಾರ್ಥಿ ಅದೇ ಸಾಲದ ಮಂಜೂರಾತಿ ಪತ್ರವನ್ನು ಹಿಡಿದು ಓದು ಮುಗಿದೊಡನೆ ವಾಪಸು ಬರುತ್ತೇನೆ ಎನ್ನಬೇಕಾಗುತ್ತದೆ. ಈ ಒತ್ತಡವನ್ನು ವಿದ್ಯಾರ್ಥಿ ಸೃಷ್ಟಿಸಿದ್ದಲ್ಲ. ಓದಿನ ನಂತರ 12 ತಿಂಗಳು, ವಿಜ್ಞಾನ ತಂತ್ರಜ್ಞಾನದ ಪದವಿಗಳಿಗೆ ಮತ್ತೆ 24 ತಿಂಗಳು ಪ್ರಾಯೋಗಿಕ ತರಬೇತಿಗೆಂದು ಕೆಲಸ ಮಾಡಲು ಅಮೆರಿಕದ ನಿಯಮವೇ ಅವಕಾಶ ಕೊಟ್ಟಿದೆ. ಹಾಗಿರುವಾಗ ಕಂತನ್ನು ಮೊದಲು ಯಾರು ಕಟ್ಟುತ್ತಾರೆ, ಕೆಲಸ ಸಿಗದಿದ್ದರೆ ಅಪ್ಪನ ಪಿಂಚಣಿಯಲ್ಲಿ ಎಷ್ಟು ಬರುತ್ತದೆ, ಅಂಗಡಿಯ ಬಾಡಿಗೆ ಎಷ್ಟು ಎಂದು ಬಿಡಿಸಿ ಹೇಳುವ ವಿದ್ಯಾರ್ಥಿಯ ಮಾತಿಗೆ ಬರೀ ಮಂಜೂರಾತಿ ಪತ್ರಕ್ಕಿಂತ ಹೆಚ್ಚು ಬೆಲೆ ಇದೆ. ಇಲ್ಲೂ ಮೂಲವೇ ಮುಖ್ಯ; ಸಾಲ ಎಂಬುದು ಮೂಲವಾಗುವುದು ಅದನ್ನು ತೀರಿಸುವ ದಾರಿ ಕಂಡಾಗ.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಇದು: ಮೂಲ, ನಂಬಿಕೆ, ವಿವರಣೆ ಎಂದೆಲ್ಲ ಹೇಳಿದರೆ ಎಲ್ಲವೂ ಒಬ್ಬ ಅಧಿಕಾರಿಯ ವಿವೇಚನೆಗೆ ಬಿಟ್ಟಂತಾಯಿತು, ಒಂದು ಕಿಂಡಿಯಲ್ಲಿ ಸಾಕೆನಿಸಿದ್ದು ಪಕ್ಕದ ಕಿಂಡಿಯಲ್ಲಿ ಸಾಲದೆನಿಸಬಹುದು. ನಿರಾಕರಣೆಗೆ ಮೇಲ್ಮನವಿಯೂ ಇಲ್ಲ. 2023ರಲ್ಲಿ 160ರಿಂದ 185 ಡಾಲರಿಗೆ ಏರಿದ ಅರ್ಜಿ ಶುಲ್ಕವನ್ನು ಮತ್ತೆ ಕಟ್ಟಿ ಮೊದಲಿನಿಂದ ಶುರುಮಾಡಬೇಕು. ಅದಕ್ಕಿಂತ ಬ್ರಿಟನ್ನಿನ ಹಾಗೆ ಮೊತ್ತವನ್ನು ನಿಗದಿ ಮಾಡಿಬಿಡುವುದು ಮೇಲಲ್ಲವೇ? ಅಲ್ಲಿ ಮೊದಲ ವರ್ಷದ ಉಳಿದ ಫೀಸು ಮತ್ತು ಗರಿಷ್ಠ ಒಂಬತ್ತು ತಿಂಗಳ ಜೀವನವೆಚ್ಚ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ಬಿದ್ದುಹೋಗಬಹುದು. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ, ಅಧಿಕಾರಿಯ ಮನಸ್ಸಿನ ಮೇಲೆ ನಿಂತಿಲ್ಲ. ಈ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಆ ನಿಯಮದಲ್ಲಿ ಹಣ ವಿದ್ಯಾರ್ಥಿಯದೋ ತಂದೆತಾಯಿಯದೋ ಕಾನೂನುಬದ್ಧ ಪಾಲಕರದೋ ಆಗಿರಬೇಕು. ಅಜ್ಜನ ಎಫ್‌ಡಿ, ದೊಡ್ಡಪ್ಪನ ಖಾತೆ ಲೆಕ್ಕಕ್ಕೆ ಬರುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಬೆಳೆದ ಹುಡುಗಿಗೆ ಅಜ್ಜ ಯಾರು, ಅವಳನ್ನು ಶಾಲೆಗೆ ಕಳಿಸಿದ್ದು ಯಾರು ಎಂದು ಕೇಳುವ ಒಂದು ಬಾಯಾದರೂ ಅಮೆರಿಕದ ಕಿಂಡಿಯಲ್ಲಿದೆ. 28 ದಿನದ ಲೆಕ್ಕಕ್ಕೆ ಕೇಳುವ ಬಾಯಿಲ್ಲ. ಮೇಲಾಗಿ 28 ದಿನಕ್ಕೆಂದು ಸಾಲ ತಂದು ಇಡುವುದನ್ನು ಆ ಲೆಕ್ಕ ತಡೆಯುವುದೂ ಕಷ್ಟ. ಈ ವಿಷಯದಲ್ಲಿ ಜರ್ಮನಿಯದು ಹೆಚ್ಚು ಪ್ರಾಮಾಣಿಕ ಕ್ರಮ ಎಂದು ನನಗನಿಸುತ್ತದೆ. ಅಲ್ಲಿ ವರ್ಷಕ್ಕೆ 11,904 ಯೂರೋ ನಿರ್ಬಂಧಿತ ಖಾತೆಯಲ್ಲಿಟ್ಟು, ತಿಂಗಳಿಗೆ 992ರಂತೆ ವಿದ್ಯಾರ್ಥಿಯೇ ತೆಗೆದುಕೊಳ್ಳಬೇಕು. ತೋರಿಸಿದ ಹಣವೇ ಊಟಕ್ಕೆ ಆಗುತ್ತದೆ. ಅಷ್ಟನ್ನು ಒಟ್ಟಿಗೆ ಹೊಂದಿಸಲಾಗದವರಿಗೆ ಮಾತ್ರ ಆ ಬಾಗಿಲೂ ಮುಚ್ಚಿದೆ.

ಎರಡನೆಯ ಆಕ್ಷೇಪ ಮಕ್ಕಳ ಮೇಲಿನ ಕಾಳಜಿಯಿಂದ ಬರುವಂಥದ್ದು, ಹಾಗಾಗಿ ಅದಕ್ಕೆ ತೂಕ ಹೆಚ್ಚು. ಮೊದಲ ವರ್ಷದ ಹಣ ತೋರಿಸಿದರೆ ಸಾಕು ಎಂದು ಹೊರಟ ಮಗು ಎರಡನೆಯ ವರ್ಷ ಏನು ಮಾಡಬೇಕು? ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಹಣ ಸಾಲದಾದಾಗ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ಕದ್ದುಮುಚ್ಚಿ ದುಡಿದು, ಕಡಿಮೆ ಕೂಲಿಗೂ ಬೈಗುಳಕ್ಕೂ ತಲೆಬಾಗಿ, ಸಿಕ್ಕಿಬಿದ್ದರೆ ಓದನ್ನೇ ಕಳೆದುಕೊಳ್ಳುವ ಪಾಡು ನಮ್ಮವರಿಗೂ ಬಂದಿದೆ. ರೂಪಾಯಿಯ ಬೆಲೆಯೂ ಕೈಯಲ್ಲಿಲ್ಲ. 2013ರ ಮೇ ತಿಂಗಳಲ್ಲಿ ಡಾಲರಿಗೆ ಸುಮಾರು 55 ರೂಪಾಯಿ ಇದ್ದದ್ದು ಆಗಸ್ಟ್ ಕೊನೆಯ ಹೊತ್ತಿಗೆ 68 ಮುಟ್ಟಿತು. 30 ಸಾವಿರ ಡಾಲರಿಗೆ 16.5 ಲಕ್ಷ ಲೆಕ್ಕ ಹಾಕಿದ್ದ ಮನೆಗೆ ಮೂರೇ ತಿಂಗಳಲ್ಲಿ ಸುಮಾರು 4 ಲಕ್ಷ ಕಡಿಮೆ ಬಿತ್ತು. ಹಾಗಾಗಿ ಹಣದ ಸಾಕ್ಷಿ ಕೇಳುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅದು ವಿದ್ಯಾರ್ಥಿಯನ್ನೇ ಕಾಯುವ ಪ್ರಶ್ನೆ. ಆದರೆ ಎರಡು ತಿಂಗಳ ಮಟ್ಟಿಗೆ ತಂದಿಟ್ಟ ಮೂವತ್ತು ಲಕ್ಷ ಎರಡನೆಯ ವರ್ಷದಲ್ಲಿ ಯಾರನ್ನೂ ಕಾಯುವುದಿಲ್ಲ. ಆ ಹೊತ್ತಿಗೆ ಅದು ಕೊಟ್ಟವರ ಮನೆ ಸೇರಿರುತ್ತದೆ. ವರ್ಷ ವರ್ಷ ಬರುವ ಆದಾಯ ಚಿಕ್ಕದಿದ್ದರೂ ಕಾಯುತ್ತದೆ. ಅದರಲ್ಲಿ ಎಷ್ಟು ಓದಿಗೆ ಒದಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ ಮನೆ, ಆ ಲೆಕ್ಕಕ್ಕೆ ಹೊಂದುವ ಕಡಿಮೆ ಫೀಸಿನ ರಾಜ್ಯ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು.

ನಮ್ಮ ಸರ್ಕಾರದ ತೆರಿಗೆ ನೀತಿಯೇ ಹಣದ ಮೂಲವನ್ನು ನೋಡಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ. 2020ರ ಅಕ್ಟೋಬರಿನಿಂದ ಓದಿಗೆಂದು ಹೊರದೇಶಕ್ಕೆ 7 ಲಕ್ಷ ರೂಪಾಯಿ ಮೀರಿ ಕಳಿಸಿದರೆ ಮೇಲಿನ ಮೊತ್ತಕ್ಕೆ ಶೇ. 5 ತೆರಿಗೆ ಮುಂಗಡವಾಗಿ ಹಿಡಿಯುತ್ತಿದ್ದರು. ಅದೇ ಹಣ ಬ್ಯಾಂಕಿನ ಶಿಕ್ಷಣ ಸಾಲದ್ದಾಗಿದ್ದರೆ ಶೇ. 0.5 ಮಾತ್ರ. 2025ರ ಏಪ್ರಿಲಿನಿಂದ ಮಿತಿ 10 ಲಕ್ಷಕ್ಕೆ ಏರಿತು, ಸಾಲದ ಹಣಕ್ಕೆ ಈ ಕಡಿತವೇ ಹೋಯಿತು. ಮೊತ್ತ ಒಂದೇ ಇದ್ದರೂ ಎಲ್ಲಿಂದ ಬಂತು ಎಂಬುದು ದಾಖಲೆಯಲ್ಲಿ ಸ್ಪಷ್ಟವಿದ್ದಾಗ ಸರ್ಕಾರವೂ ಹೆಚ್ಚು ನಂಬುತ್ತದೆ. ಅದೇ ಅಳತೆಯನ್ನು ಕಿಂಡಿಯ ಆಚೆಯವರು ಬಳಸಿದರೆ ನಾವು ಅನ್ಯಾಯ ಎನ್ನಲು ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಮನೆಯೊಳಗಿನ ಮೌನ. ‘ನಿಮ್ಮ ತಂದೆ ಏನು ಮಾಡುತ್ತಾರೆ, ವರ್ಷಕ್ಕೆ ಎಷ್ಟು ಬರುತ್ತದೆ, ಖರ್ಚು ಯಾರು ನೋಡಿಕೊಳ್ಳುತ್ತಾರೆ’ ಎಂಬ ಮೂರು ಪ್ರಶ್ನೆಗೆ ಉತ್ತರ ಬರುವುದು ವಿದ್ಯಾರ್ಥಿಯ ಬಾಯಿಂದ. ನಮ್ಮಲ್ಲಿ ಮಕ್ಕಳ ಎದುರು ದುಡ್ಡಿನ ಮಾತಾಡುವುದು ಸಭ್ಯತೆಯಲ್ಲ ಎಂಬ ನಂಬಿಕೆ ಇದೆ. ಹೆಣ್ಣುಮಕ್ಕಳ ಎದುರಂತೂ ಇನ್ನೂ ಕಡಿಮೆ. ಚಿನ್ನದ ಪದಕ ಪಡೆದ ಹುಡುಗಿಗೆ ಅಪ್ಪನ ತೋಟ ಎಷ್ಟು ಎಕರೆ ಎಂದು ಗೊತ್ತಿರುವುದಿಲ್ಲ, ಮನೆಯ ಮೇಲೆ ಸಾಲ ಇದೆಯೇ ಎಂಬುದೂ ತಿಳಿದಿರುವುದಿಲ್ಲ. ಸಂದರ್ಶನದ ಹಿಂದಿನ ವಾರ ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ಅಂಕಿಗಳನ್ನು ಅವಳು ಬಾಯಿಪಾಠ ಮಾಡುತ್ತಾಳೆ. ಎರಡನೆಯ ಪ್ರಶ್ನೆ ಸ್ವಲ್ಪ ಅಡ್ಡಕ್ಕೆ ಹೋದೊಡನೆ ಪಾಠ ತಪ್ಪುತ್ತದೆ. ಸುಳ್ಳು ಹೇಳದ ಹುಡುಗಿ ಸುಳ್ಳು ಹೇಳಿದವಳಂತೆ ಕಾಣುತ್ತಾಳೆ. ಪಿ.ಯು.ಸಿ. ಮುಗಿಸಿದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಡಿಕೆ ಬಿಲ್ಲು, ಗೊಬ್ಬರದ ಖರ್ಚು, ಆಳಿನ ಕೂಲಿ, ಸೊಸೈಟಿಯ ಬೆಳೆಸಾಲ ಎಲ್ಲವನ್ನೂ ತೋರಿಸುವ ಅಪ್ಪ ಯಾವ ಸಿ.ಎ.ಗಿಂತಲೂ ದೊಡ್ಡ ನೆರವು ಮಾಡಿರುತ್ತಾನೆ. ಅವಳು ವಿದೇಶಕ್ಕೆ ಹೋಗದಿದ್ದರೂ ಆ ತಿಳಿವಳಿಕೆ ಅವಳಿಗೆ ಸಲ್ಲಬೇಕಾದದ್ದೇ.

ಆದರೆ ತೋರಿಸಲು ತೋಟವೂ ಇಲ್ಲದ, ಅಂಗಡಿಯೂ ಇಲ್ಲದ ಮನೆಗಳ ಮಾತೇನು? ಅವರಿಗೆ ಮನೆಯ ಲೆಕ್ಕ ಹೇಳಿಕೊಡುವುದರಿಂದ ಏನೂ ಆಗುವುದಿಲ್ಲ. ಇಲ್ಲಿ ಮೂಲವಾಗಿ ನಿಲ್ಲಬೇಕಾದದ್ದು ಬ್ಯಾಂಕು ಮತ್ತು ಸರ್ಕಾರ. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಸಾಲ 7.5 ಲಕ್ಷ ಮೀರಿದರೆ ಆಸ್ತಿ ಅಡಮಾನ ಬೇಕು. ಕೃಷಿ ಭೂಮಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆಂಗಳೂರಿನ ಅಂಚಿನ ಬಿ ಖಾತಾ ಮನೆ ಎಂದರೆ ಬಹುಪಾಲು ಶಾಖೆಗಳಲ್ಲಿ ಮಾತೇ ಮುಂದುವರಿಯುವುದಿಲ್ಲ. ಇಪ್ಪತ್ತು ವರ್ಷ ದುಡಿದು ಕಟ್ಟಿದ ಮನೆಯಲ್ಲಿ ಕೂತು ಅದನ್ನು ಆಸ್ತಿ ಎಂದು ತೋರಿಸಲಾಗದ ಗಾರ್ಮೆಂಟ್ಸ್ ಕೆಲಸಗಾರರ ಮಗನಿಗೆ ಸರ್ಕಾರಿ ವಿದ್ಯಾರ್ಥಿವೇತನ ಒಂದೇ ದಾರಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಪರಿಶಿಷ್ಟರಿಗಾಗಿ ಕರ್ನಾಟಕದ ಪ್ರಬುದ್ಧ ಯೋಜನೆ ಇವೆ. ಅವುಗಳ ಮಂಜೂರಾತಿ ಪತ್ರ ಒಂದು ಹಾಳೆಯದ್ದು. ಅದರ ಮುಂದೆ ಎಷ್ಟು ದಪ್ಪದ ಫೈಲೂ ನಿಲ್ಲಲಾರದು. ಆದರೆ ಐ-20 ಕೊಡುವ ಮುಂಚೆಯೇ ವಿಶ್ವವಿದ್ಯಾಲಯ ಹಣದ ದಾಖಲೆ ಕೇಳುತ್ತದೆ. ಆಗಸ್ಟಿನಲ್ಲಿ ತರಗತಿ ಶುರುವಾಗುವ ಹುಡುಗನಿಗೆ ವಸಂತದ ಹೊತ್ತಿಗೇ ಆ ಹಾಳೆ ಕೈಯಲ್ಲಿರಬೇಕು. ಆಯ್ಕೆ ಪಟ್ಟಿ, ಆದೇಶ, ಹಣ ಬಿಡುಗಡೆ ಎಲ್ಲವನ್ನೂ ನಮ್ಮ ಹಣಕಾಸು ವರ್ಷಕ್ಕೆ ಹೊಂದಿಸಿ ನಡೆಸಿದರೆ ಅವನಿಗೆ ಪ್ರಯೋಜನವಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟು ಉದ್ಘಾಟನೆಯಾಗಿದೆ. ಅಲ್ಲಿ ವೀಸಾ ಸಂದರ್ಶನಗಳು ನಡೆಯುವಂತಾದರೆ ಆ ಹುಡುಗನಿಗೆ ಚೆನ್ನೈಯ ಪ್ರಯಾಣದ ಖರ್ಚು ಉಳಿಯುತ್ತದೆ. ವಿಧಾನಸೌಧದಿಂದ ಬರಬೇಕಾದ ಆ ಒಂದು ಹಾಳೆ ಏಪ್ರಿಲಿಗೆ ಮುಂಚೆ ಬರುತ್ತದೆಯೇ ಎಂಬುದನ್ನು ಮಾತ್ರ ನಮ್ಮ ಇಲಾಖೆಗಳೇ ತೀರ್ಮಾನಿಸಬೇಕು.